ಎಲೆಗೆ ಮುಂಚಿನ ಕಸ, ಎಲೆಯ ನಂತರದ ಕಸ



ಕಳೆದ ತಿಂಗಳು ನಮ್ಮ ವಿಭಾಗದ ಸಭೆ ಮುಗಿಯುವ ಹೊತ್ತಿಗೆ ಒಬ್ಬ ಯುವಕ ಲ್ಯಾಪ್‌ಟಾಪ್ ತೆರೆದು ಯಂತ್ರದ ಚಿತ್ರ ತೋರಿಸಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ರಾತ್ರಿ ಅಂಗಡಿ ಮುಚ್ಚುವಾಗ ಹಸಿ ಕಸ ಹಾಕಿ ಸ್ವಿಚ್ ಒತ್ತಿದರೆ ಬೆಳಿಗ್ಗೆ ಇಡ್ಲಿ ಇಳಿಸುವ ಹೊತ್ತಿಗೆ ಗೊಬ್ಬರ ತಯಾರು ಎಂದ. ಕೆಲವರು ಅಲ್ಲಿಯೇ ಅವನ ಕಾರ್ಡ್ ಕೇಳಿ ಪಡೆದರು. ನಾನು ಹಿಂದಿನ ಸಾಲಿನಲ್ಲಿ ಬಾಯಿ ಮುಚ್ಚಿ ಕೂತಿದ್ದೆ. ಮನೆಗೆ ಬಂದ ಮೇಲೆ, ಅಲ್ಲಿ ಎದ್ದು ನಿಂತು ಎರಡು ಮಾತು ಹೇಳಬೇಕಿತ್ತು ಅನಿಸಿತು. ಅಲ್ಲಿ ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ 1986ರಲ್ಲಿ ಮುಂಬಯಿ ಬಸ್ಸು ಹತ್ತಿದವ, ಬರವಣಿಗೆ ರೂಢಿಯಿಲ್ಲ. ತಪ್ಪಿದ್ದರೆ ಮನ್ನಿಸಬೇಕು.

ಅದೇ ಜಾತಿಯ ಯಂತ್ರವನ್ನು ನಾನು 2018ರಲ್ಲಿ ನಾಲ್ಕು ಲಕ್ಷದ ಇಪ್ಪತ್ತೈದು ಸಾವಿರ ಕೊಟ್ಟು ತಂದಿದ್ದೆ. ಆಗ ಇದ್ದ ಗಾಬರಿ ನಿಮಗೂ ಗೊತ್ತು. 2016ರ ಘನತ್ಯಾಜ್ಯ ನಿಯಮಗಳು ಹೊಟೇಲಿನವರು ಕಸ ಬೇರ್ಪಡಿಸಬೇಕು, ಹಸಿ ಕಸವನ್ನು ಆದಷ್ಟೂ ತಮ್ಮ ಜಾಗದಲ್ಲೇ ಗೊಬ್ಬರವೋ ಗ್ಯಾಸೋ ಮಾಡಬೇಕು ಎಂದವು. 2017ರ ಅಕ್ಟೋಬರ್ 2ರಿಂದ ದಿನಕ್ಕೆ 100 ಕಿಲೋ ಮೀರಿದವರು ತಮ್ಮ ಹಸಿ ಕಸ ತಾವೇ ನೋಡಿಕೊಳ್ಳಬೇಕೆಂದು ಮುಂಬಯಿ ಮಹಾನಗರ ಪಾಲಿಕೆ ಹೇಳಿತು. ನನ್ನದು ಚೆಂಬೂರಿನ ಮಧ್ಯಮ ಗಾತ್ರದ ಸಸ್ಯಾಹಾರಿ ಹೊಟೇಲು, ಸರಿಯಾಗಿ ಆ ಗೆರೆಯ ಮೇಲೆ ನಿಂತದ್ದು. ಕಾನೂನಿಗಿಂತ ಹೆಚ್ಚಾಗಿ ನನ್ನ ಮನಸ್ಸಿನಲ್ಲಿದ್ದದ್ದು 2016ರ ಜನವರಿ. ದೇವನಾರ್ ಕಸದ ಬೆಟ್ಟಕ್ಕೆ ಬೆಂಕಿ ಬಿದ್ದು ದಿನಗಟ್ಟಲೆ ಹೊಗೆ ನಮ್ಮ ಕಡೆ ಬಂತು, ಗಿರಾಕಿಗಳು ಮೂಗಿಗೆ ಕರವಸ್ತ್ರ ಹಿಡಿದು ದೋಸೆ ತಿಂದರು. 1927ರಿಂದ ಊರಿನ ಕಸ ಬಿದ್ದ ಆ ಬೆಟ್ಟದಲ್ಲಿ ನನ್ನ ಹೊಟೇಲಿನ ಬಾಲ್ದಿಗಳ ಪಾಲೂ ಇತ್ತಲ್ಲ ಎಂದು ಗಲ್ಲೆಯಲ್ಲಿ ಕೂತು ಯೋಚಿಸಿದ್ದೆ. ಹಾಗಾಗಿ ಯಂತ್ರದವನು ಬಂದಾಗ ಚೌಕಾಸಿಯನ್ನೂ ಸರಿಯಾಗಿ ಮಾಡಲಿಲ್ಲ.

ಯಂತ್ರ ಓಡಿತು, ಅದರಲ್ಲಿ ದೂರಿಲ್ಲ. ಕಸ ಬಿಸಿಯಾಗಿ, ಅರೆದು, ಬೆಳಿಗ್ಗೆ ಕಂದು ಪುಡಿ ಬೀಳುತ್ತಿತ್ತು. ಹುರಿದ ರವೆಯ ಪರಿಮಳ. ನಾನು ಖುಷಿಯಲ್ಲಿ ಅದನ್ನು ಎರಡೆರಡು ಕಿಲೋ ಪೊಟ್ಟಣ ಕಟ್ಟಿ, ಹಿಂಬದಿಯ ಸೊಸೈಟಿಯವರಿಗೆ ಹಂಚಿದೆ. ಆ ಸೊಸೈಟಿಯ ಕಾರ್ಯದರ್ಶಿ ಒಬ್ಬರು ಹಿರಿಯ ಹೆಂಗಸು, ಹದಿನೈದು ವರ್ಷದಿಂದ ದಿನಾ ಬೆಳಿಗ್ಗೆ ನಮ್ಮಲ್ಲಿ ಫಿಲ್ಟರ್ ಕಾಫಿ ಕುಡಿಯುವವರು. ಅವರು ತಮ್ಮ ಗುಲಾಬಿ ಕುಂಡಗಳಿಗೂ ತುಳಸಿಗೂ ಧಾರಾಳವಾಗಿ ಹಾಕಿದರು. ನೀರು ಬಿದ್ದ ಮೂರನೆಯ ದಿನ ಕುಂಡದ ಮೇಲೆ ಬಿಳಿ ಬೂಸಲು, ನೊಣ, ಹುಳಿ ವಾಸನೆ. ವಾರ ಕಳೆಯುವುದರೊಳಗೆ ತುಳಸಿ ಒಣಗಿತು. ಅವರು ಜಗಳ ಮಾಡಲಿಲ್ಲ, ಕಾಫಿಗೆ ಬರುವುದು ಬಿಟ್ಟರು. ಹೊಟೇಲಿನವನಿಗೆ ಅದಕ್ಕಿಂತ ದೊಡ್ಡ ಬೈಗುಳ ಬೇರೆ ಇಲ್ಲ.

ಯಾಕೆ ಹೀಗಾಯಿತೆಂದು ನಿವೃತ್ತ ಕೃಷಿ ಅಧಿಕಾರಿಯೊಬ್ಬರು ನನಗೆ ತಿಳಿಸಿಕೊಟ್ಟರು. ಒಂದು ರಾತ್ರಿಯಲ್ಲಿ ಆಗುವುದು ಗೊಬ್ಬರವಲ್ಲ, ಒಣಗಿಸಿದ ಅನ್ನ-ಸಾಂಬಾರು. ಹಪ್ಪಳ ಒಣಗಿಸಿದಂತೆ. ನೀರು ತಾಗಿದ ಕೂಡಲೇ ಅದು ಮತ್ತೆ ಆಹಾರವಾಗುತ್ತದೆ, ಮಣ್ಣಿನ ಸೂಕ್ಷ್ಮಜೀವಿಗಳು ಅದರ ಮೇಲೆ ಮುಗಿಬೀಳುತ್ತವೆ. ಹಾಗೆ ತಿನ್ನುವಾಗ ಬೇರಿಗೆ ಬೇಕಾದ ಆಮ್ಲಜನಕವನ್ನೂ ಸಾರಜನಕವನ್ನೂ ಅವೇ ಎಳೆದುಕೊಳ್ಳುತ್ತವೆ. ಇದರ ಮೇಲೆ ಉಪ್ಪು. ನಮ್ಮ ಸಾಂಬಾರು, ಚಟ್ನಿ, ಉಪ್ಪಿನಕಾಯಿ ಎಲ್ಲದರ ಉಪ್ಪೂ ನೀರು ಆರಿ ಹೋದ ಮೇಲೆ ಆ ಪುಡಿಯಲ್ಲಿ ಗಟ್ಟಿಯಾಗಿ ಉಳಿಯುತ್ತದೆ. ಸರಕಾರದ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ನಗರದ ಕಸದ ಗೊಬ್ಬರಕ್ಕೆ ಲವಣಾಂಶದ ಮಿತಿ ಇದೆ, ವಿದ್ಯುತ್ ವಾಹಕತೆ 4 ಅಂಕ ಮೀರಬಾರದು. ನನ್ನ ಪುಡಿಯನ್ನು ಪರೀಕ್ಷೆಗೆ ಕೊಟ್ಟಾಗ ಅದು ಆ ಗೆರೆಯನ್ನು ಸಲೀಸಾಗಿ ದಾಟಿತ್ತು. ಯಂತ್ರದವರಿಗೆ ಫೋನ್ ಮಾಡಿದರೆ, "ಸರ್, ಅದನ್ನು ಇನ್ನೂ ನಲವತ್ತು ದಿನ ಮಣ್ಣಿನಲ್ಲಿ ಕಳಿಸಬೇಕು" ಎಂದರು. ಹಾಗಾದರೆ ನಾಲ್ಕು ಲಕ್ಷ ಯಾಕೆ ಕೊಟ್ಟೆ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ.

ಈಗ ಆ ಯಂತ್ರಗಳವರು ಮತ್ತೆ ನಮ್ಮ ಬಾಗಿಲಿಗೆ ಬರುತ್ತಿರುವುದಕ್ಕೆ ಕಾರಣವಿದೆ. ಘನತ್ಯಾಜ್ಯದ ಹೊಸ ನಿಯಮಗಳು 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿವೆ. ಅದರಲ್ಲಿಯೂ 100 ಕಿಲೋ ಗೆರೆ ಇದೆ, ಕಸವನ್ನು ನಾಲ್ಕು ಬಗೆಯಾಗಿ ಬೇರ್ಪಡಿಸಬೇಕೆಂದಿದೆ. ಹೆದರಿದವನಿಗೆ ಯಂತ್ರ ಮಾರುವುದು ಸುಲಭ. ದಯವಿಟ್ಟು ಹೆದರಿ ಕೊಳ್ಳಬೇಡಿ.

ನನ್ನ ಅಭಿಪ್ರಾಯ ಇಷ್ಟೇ. ನಾವು ಹಸಿ ಕಸ ಎಂದು ಒಂದೇ ಹೆಸರಿನಲ್ಲಿ ಕರೆಯುವುದು ಎರಡು ಬೇರೆ ಬೇರೆ ಸಾಮಾನು. ಎಲೆಗೆ ಬಡಿಸುವ ಮುಂಚಿನ ಕಸ ಒಂದು, ಎಲೆ ಎತ್ತಿದ ನಂತರದ ಕಸ ಇನ್ನೊಂದು. ಮೊದಲನೆಯದು ತೋಟದ ಸರಕು. ಎರಡನೆಯದು ಒಲೆಯ ಸರಕು. ಎರಡನ್ನೂ ಒಂದೇ ಬಾಲ್ದಿಗೆ ಸುರಿದ ಕ್ಷಣದಲ್ಲಿ ಮೊದಲನೆಯದೂ ಹಾಳಾಗುತ್ತದೆ. ಹೊಸ ನಿಯಮದವರು ನಾಲ್ಕು ಡಬ್ಬಿ ಹೇಳಿದ್ದಾರೆ, ನಾನು ಹಸಿ ಕಸಕ್ಕೇ ಎರಡು ಡಬ್ಬಿ ಇಡಿ ಎನ್ನುತ್ತೇನೆ.

ಒಂದು ವಾರ ತಕ್ಕಡಿ ಇಟ್ಟು ತೂಗಿ ನೋಡಿದೆ. ನಮ್ಮಲ್ಲಿ ದಿನಕ್ಕೆ ಸರಾಸರಿ 105 ಕಿಲೋ ಹಸಿ ಕಸ. ಅದರಲ್ಲಿ 65 ಕಿಲೋ ಗಿರಾಕಿಯ ಮುಖವನ್ನೇ ನೋಡದ ಕಸ. ಸಾಂಬಾರಿಗೆ ಹೆಚ್ಚಿದ ಕುಂಬಳ, ಸೌತೆಗಳ ಸಿಪ್ಪೆ ತಿರುಳು, ಕ್ಯಾಬೇಜಿನ ಹೊರ ಎಲೆ, ಕೊತ್ತಂಬರಿ ದಂಟು, ಕರಿಬೇವಿನ ಕಡ್ಡಿ, ಪಲ್ಯದ ಬಟಾಟೆ ಸಿಪ್ಪೆ, ಈರುಳ್ಳಿ ಸಿಪ್ಪೆ, ಶಿರಾಕ್ಕೆ ತಂದ ಅನಾನಸಿನ ತಲೆ, ಜ್ಯೂಸ್ ಕೌಂಟರಿನ ಮೋಸಂಬಿ ಸಿಪ್ಪೆ, ಕಾಫಿ ಚರಟ, ಚಹಾ ಚರಟ, ತೆಂಗಿನ ಗೆರಟೆ. ಇದರಲ್ಲಿ ಉಪ್ಪಿಲ್ಲ, ಎಣ್ಣೆಯಿಲ್ಲ. ಇಷ್ಟು ಶುದ್ಧವಾದ ಹಸಿ ಸರಕು ಯಾವ ಸೊಸೈಟಿಯ ಕಸದಲ್ಲಿಯೂ ಸಿಗುವುದಿಲ್ಲ. ನಾವು ಅದರ ಮೇಲೆ ಉಳಿದ ಸಾಂಬಾರು ಸುರಿದು, ಆಮೇಲೆ ಅದನ್ನು ಕೊಂಡೊಯ್ಯಲು ತಿಂಗಳಿಗೆ ಹಣ ಕೊಡುತ್ತೇವೆ.

ಕಾಫಿ ಚರಟದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಹೊಟೇಲುಗಳ ನಿಜವಾದ ಬಂಡವಾಳ ಅದು. ಅದು ಆಮ್ಲ, ಗಿಡಕ್ಕೆ ಕೆಟ್ಟದ್ದು ಎಂದು ಕೆಲವರು ಹೆದರುತ್ತಾರೆ. ಆಮ್ಲದ ಹೆಚ್ಚಿನ ಪಾಲು ಡಿಕಾಕ್ಷನ್ ಜೊತೆ ಇಳಿದು ಹೋಗಿರುತ್ತದೆ, ಉಳಿದ ಚರಟ ಹೆಚ್ಚುಕಡಿಮೆ ತಟಸ್ಥ. ಸಾರಜನಕ ಶೇಕಡಾ 2ರ ಆಸುಪಾಸು. ಬಣ್ಣ ಒಣ ಎಲೆಯಂತೆ ಕಂದಾದರೂ ಗುಣದಲ್ಲಿ ಅದು ಹಸಿರು ಸೊಪ್ಪಿನ ಲೆಕ್ಕ. ಇಂಗಾಲಕ್ಕೂ ಸಾರಜನಕಕ್ಕೂ ಪ್ರಮಾಣ 20ಕ್ಕೆ 1ರ ಹತ್ತಿರ. ನಾವು ಬಳಸುವ ಪುಡಿಯಲ್ಲಿ ಚಿಕೋರಿ ಇರುತ್ತದೆ, ಅದೂ ಒಂದು ಗಡ್ಡೆಯೇ, ಕೊಳೆಯಲು ತಕರಾರಿಲ್ಲ. ಆದರೆ ಹಸಿ ಚರಟವನ್ನು ನೇರವಾಗಿ ಕುಂಡಕ್ಕೆ ದಪ್ಪಗೆ ಹಾಕಬೇಡಿ. ಒಣಗಿ ಹೆಂಚಿನಂತಾಗಿ ನೀರನ್ನು ಹೊರಗೆ ಓಡಿಸುತ್ತದೆ, ಎಳೆಯ ಬೀಜ ಮೊಳೆಯಲು ಬಿಡುವುದಿಲ್ಲ. ರಾಶಿಯಲ್ಲಿ ಕಾಲು ಭಾಗದೊಳಗೆ ಬೆರೆಸಿದರೆ ಬಂಗಾರ. ಚಹಾ ಚರಟದಲ್ಲಿ ಹಾಲು ಸಕ್ಕರೆ ಇರುವುದರಿಂದ ಒಮ್ಮೆ ನೀರಿನಲ್ಲಿ ಜಾಲಾಡಿ ಹಾಕಬೇಕು, ಇಲ್ಲವಾದರೆ ಇರುವೆಯ ಜಾತ್ರೆ.

ಯಂತ್ರ ನಿಂತ ಮೇಲೆ ಹಿತ್ತಿಲಿನ ಎಂಟು ಹತ್ತು ಅಡಿ ಜಾಗದಲ್ಲಿ ಇಟ್ಟಿಗೆಯ ನಾಲ್ಕು ಕಟ್ಟೆ ಕಟ್ಟಿಸಿದೆ. ಇಟ್ಟಿಗೆಗಳ ನಡುವೆ ಗಾಳಿಗೆ ಸಂದು, ಇಲಿಗೆ ತಂತಿ ಬಲೆ, ಮಳೆಗೆ ತಗಡು. ಮೊದಲ ರಾಶಿ ನಾತ ಹೊಡೆಯಿತು, ಪಕ್ಕದ ಔಷಧಿ ಅಂಗಡಿಯವರು ಬಂದು ಹೇಳಿ ಹೋದರು. ಬಿಟ್ಟುಬಿಡುವ ಹಂತದಲ್ಲಿದ್ದೆ. ಪಾತ್ರೆ ತೊಳೆಯುವ ಝಾರ್ಖಂಡಿನ ಹುಡುಗನೊಬ್ಬ ರಾಶಿಗೆ ಕೈ ಹಾಕಿ, ಹಿಂಡಿ ನೋಡಿ, "ಸೇಠ್, ಬರೀ ಹಸಿ ತುಂಬಿಸಿದ್ದೀರಿ, ಒಣದ್ದು ಎಲ್ಲಿ?" ಎಂದ. ರೈತರ ಮನೆಯ ಮಗ. ನನಗೆ ನಾಚಿಕೆಯಾಯಿತು. ನಮ್ಮ ಊರ ಮನೆಯಲ್ಲಿ ಹಟ್ಟಿಗೆ ದಿನಾ ಒಣ ತರಗೆಲೆ, ಸೊಪ್ಪು ಹಾಸಿ ಗೊಬ್ಬರ ಮಾಡಿದ್ದನ್ನು ನೋಡುತ್ತಲೇ ಬೆಳೆದವ ನಾನು. ಅಕ್ಕಿ ತೊಳೆದ ನೀರು ದನಕ್ಕೆ, ಮೀನು ತೊಳೆದ ನೀರು ಬಸಳೆ ಬುಡಕ್ಕೆ ಎಂದು ಅಮ್ಮ ಒಂದು ಹನಿ ಚೆಲ್ಲುತ್ತಿರಲಿಲ್ಲ. ಮುಂಬಯಿಯ ನಲವತ್ತು ವರ್ಷದಲ್ಲಿ ಅದೆಲ್ಲ ಮರೆತು ಯಂತ್ರದವನ ಹತ್ತಿರ ಪಾಠ ಹೇಳಿಸಿಕೊಂಡೆ.

ಆ ಹುಡುಗನೇ ಈಗ ನಮ್ಮ ಗೊಬ್ಬರದ ಭಟ್ಟ. ಒಂದು ಬಾಲ್ದಿ ಹೆಚ್ಚಿದ ಸಿಪ್ಪೆಗೆ ಒಂದು ಬಾಲ್ದಿ ಒಣ ಎಲೆ ಅಥವಾ ಮರದ ಹುಡಿ ಅಥವಾ ಹರಿದ ರಟ್ಟು. ಒಣ ಎಲೆಯನ್ನು ಸೊಸೈಟಿಯವರೇ ಗೋಣಿ ತುಂಬಿಸಿ ಕೊಡುತ್ತಾರೆ, ಅವರಿಗೂ ಅದು ಕಸವೇ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಹರಿದರೆ ಒಣದ್ದು ಕಡಿಮೆಯಾಯಿತೆಂದು ಲೆಕ್ಕ. ಮೂರನೆಯ ದಿನ ರಾಶಿಯೊಳಗೆ ಕಬ್ಬಿಣದ ಸಳಿ ತೂರಿಸಿ ಐದು ನಿಮಿಷ ಬಿಟ್ಟು ತೆಗೆದರೆ ಕೈಯಲ್ಲಿ ಹಿಡಿಯಲಾಗಬಾರದು. ಒಳಗೆ 55ರಿಂದ 65 ಡಿಗ್ರಿ ಬಿಸಿ ಏರಿದರೆ ಕಳೆ ಬೀಜ, ರೋಗಾಣುಗಳು ಸಾಯುತ್ತವೆ. ವಾರಕ್ಕೊಮ್ಮೆ ಮಗುಚಿ, ನಲವತ್ತೈದು ಅರವತ್ತು ದಿನ ಬಿಟ್ಟು, ಆಮೇಲೆ ಹದಿನೈದು ದಿನ ಸುಮ್ಮನೆ ಹಣ್ಣಾಗಲು ಬಿಡುತ್ತೇವೆ. ಹಾಕಿದ ಐದು ಕಿಲೋಗೆ ಒಂದು ಕಿಲೋ ಸಿಗುತ್ತದೆ. ಸಾಧನ ಒಂದೇ ಬೇಕು, ಸಿಪ್ಪೆ ಕತ್ತರಿಸುವ ಸಣ್ಣ ಯಂತ್ರ. ಎರೆಹುಳ ಸಾಕುವವರು ಸಾಕಬಹುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ರಾಧಾ ಕಾಳೆಯವರು ಎರೆಗೊಬ್ಬರದ ಮೇಲೆ ಮಾಡಿದ ಕೆಲಸ ಹೆಸರಾದದ್ದು. ಆದರೆ ಎರೆಹುಳಕ್ಕೆ ಉಪ್ಪು, ಖಾರ, ಮೋಸಂಬಿ ಸಿಪ್ಪೆ ಒಗ್ಗುವುದಿಲ್ಲ, ಗದ್ದಲದ ಹೊಟೇಲಿನಲ್ಲಿ ಅಷ್ಟು ನಾಜೂಕು ನನ್ನಿಂದಾಗದು.

ಗೊಬ್ಬರ ಸರಿಯಾಯಿತೇ ಎಂದು ತಿಳಿಯಲು ಈಗ ನಾನು ಪುಡಿಯ ಬಣ್ಣ ನೋಡುವುದಿಲ್ಲ. ಒದ್ದೆ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮೂರು ದಿನ ಇಟ್ಟು ಬಿಚ್ಚುತ್ತೇನೆ. ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಆಯಿತು, ಹುಳಿ ಬಂದರೆ ಮತ್ತೆ ರಾಶಿಗೆ. ಆಮೇಲೆ ಗೆರಟೆಯಲ್ಲಿ ಹಾಕಿ ಹತ್ತು ಮೆಂತೆ ಕಾಳು ಬಿತ್ತುತ್ತೇನೆ. ನಾಲ್ಕೈದು ದಿನದಲ್ಲಿ ಎಂಟಾದರೂ ತಲೆಯೆತ್ತಬೇಕು.

ಗೆರಟೆ ಎಂದಾಗ ನೆನಪಾಯಿತು. ದಿನಕ್ಕೆ ನಲವತ್ತೈದು ಕಾಯಿ ಒಡೆಯುತ್ತೇವೆ. ಕಣ್ಣಿರುವ ಅರ್ಧ ಗೆರಟೆಯ ಮೆತ್ತನೆಯ ಕಣ್ಣನ್ನು ಸಳಿಯಿಂದ ಚುಚ್ಚಿದರೆ ಕುಂಡಕ್ಕೆ ಬೇಕಾದ ನೀರಿನ ತೂತು ತಯಾರು. ಅದಕ್ಕೆ ಅರ್ಧ ಗೊಬ್ಬರ, ಅರ್ಧ ತೆಂಗಿನ ನಾರಿನ ಪುಡಿ ತುಂಬಿ ತುಳಸಿ, ಮೆಂತೆ, ಕೊತ್ತಂಬರಿ ಸಸಿ ಮಾಡಿ ಗಲ್ಲೆಯ ಪಕ್ಕ ಇಟ್ಟಿದ್ದೇನೆ, ಒಂದಕ್ಕೆ ಮೂವತ್ತು ರೂಪಾಯಿ. ವಾರಕ್ಕೆ ನಲವತ್ತರವರೆಗೆ ಹೋಗುತ್ತದೆ, ಮಕ್ಕಳಿರುವ ಗಿರಾಕಿಗಳು ಹೆಚ್ಚು. ನಾರಿನ ಪುಡಿ ಮಾತ್ರ ಹೊರಗಿನಿಂದ ತರಬೇಕು, ಏಕೆಂದರೆ ನಮಗೆ ಬರುವುದು ಸುಲಿದ ಕಾಯಿ. ಆ ಪುಡಿಯನ್ನೂ ಕಳಿಸಿಯೇ ಬಳಸುವುದು ಒಳ್ಳೆಯದು. ಹಸಿ ಪುಡಿಯಲ್ಲಿ ಇಂಗಾಲ ಸಾರಜನಕದ ನೂರು ಪಟ್ಟಿಗೂ ಹೆಚ್ಚು. ಅದನ್ನು ಅಣಬೆ ಬೀಜದಿಂದ ತಿಂಗಳೊಳಗೆ ಗೊಬ್ಬರ ಮಾಡುವ ವಿಧಾನವನ್ನು ತೆಂಗು ನಾರು ಮಂಡಳಿ ಹಿಂದೆಯೇ ರೂಪಿಸಿದೆ. ಎಳನೀರಿನ ಅಂಗಡಿಯವರ ಚಿಪ್ಪು ಹತ್ತಿರದಲ್ಲಿದ್ದವರು ನಾರನ್ನು ತುಂಡು ಮಾಡಿ ಆರ್ಕಿಡ್, ಆಂಥೂರಿಯಂ ಬೆಳೆಸುವವರಿಗೆ ಕೊಡಬಹುದು. ಗೆರಟೆ ಮಣ್ಣಿನಲ್ಲಿ ಕರಗುತ್ತದೆ ಎಂದು ಮಾತ್ರ ಗಿರಾಕಿಗೆ ಹೇಳಬೇಡಿ, ಅದಕ್ಕೆ ವರ್ಷಗಳೇ ಬೇಕು. ಸಸಿ ನೆಡುವಾಗ ಒಡೆದು ತೆಗೆಯಿರಿ ಎಂದು ಹೇಳಿ ಕೊಡಬೇಕು.

ಇದೇ ಎಚ್ಚರಿಕೆ ಪಾರ್ಸೆಲ್ ಸಾಮಾನಿಗೂ ಬೇಕು. ಹಾಳೆ ತಟ್ಟೆ, ಬಾಳೆ ಎಲೆ, ಕಬ್ಬಿನ ಸಿಪ್ಪೆಯ ಬಟ್ಟಲು ತುಂಡು ಮಾಡಿ ಹಾಕಿದರೆ ಕೊಳೆಯುತ್ತವೆ. ಒಳಗೆ ಮಿನುಗುವ ಪದರವಿರುವ ಕಾಗದದ ಲೋಟ ಕೊಳೆಯುವುದಿಲ್ಲ. ಹಸಿರು ಎಲೆಯ ಗುರುತು ಹಾಕಿ ಮಾರುವ ಚೀಲಗಳಿಗೂ ದೊಡ್ಡ ಕಾರ್ಖಾನೆಯಲ್ಲಿ ಹಲವು ವಾರ ಬಿಡದೆ ಸಿಗುವ ಬಿಸಿ ಬೇಕು, ನಮ್ಮ ಕಟ್ಟೆಯಲ್ಲಿ ಅವು ಇದ್ದ ಹಾಗೆಯೇ ಹೊರಗೆ ಬರುತ್ತವೆ. ನಾನು ಜರಡಿ ಹಿಡಿದು ಹೆಕ್ಕಿದ್ದೇನೆ.

ಇನ್ನು ಎಲೆಯ ನಂತರದ ಕಸ, ನಮ್ಮಲ್ಲಿ 40 ಕಿಲೋ. ಅನ್ನ, ಇಡ್ಲಿ, ದೋಸೆಯ ತುಂಡು, ಸಾಂಬಾರು. ಇದಕ್ಕೆ ಬಯೋಗ್ಯಾಸ್ ಸರಿ. ನಮ್ಮ ಪಕ್ಕದ ಟ್ರಾಂಬೆಯಲ್ಲಿಯೇ ಭಾಭಾ ಅಣು ಸಂಶೋಧನಾ ಕೇಂದ್ರದ ಡಾ. ಶರದ್ ಕಾಳೆಯವರು ಅಡುಗೆಮನೆ ಕಸಕ್ಕೆಂದೇ 'ನಿಸರ್ಗಋಣ' ಸ್ಥಾವರ ರೂಪಿಸಿದರು. ಪುಣೆಯಲ್ಲಿ ಡಾ. ಆನಂದ ಕರ್ವೆಯವರ ಸಂಸ್ಥೆ ಮನೆಯ ಅಳತೆಯ ಸಣ್ಣ ಸ್ಥಾವರಕ್ಕೆ 2006ರಲ್ಲಿ ಆಶ್ಡೆನ್ ಪ್ರಶಸ್ತಿ ಪಡೆಯಿತು. ಅನ್ನದ ಪಿಷ್ಟ ಗ್ಯಾಸಿಗೆ ಬಹಳ ಒಳ್ಳೆಯದು. ಆದರೆ ಒಂದು ಹೊಟೇಲಿಗೆ ಒಂದು ಸ್ಥಾವರ ಎನ್ನುವುದು ಮುಂಬಯಿಯ ಜಾಗದಲ್ಲಿ ಆಗುವ ಮಾತಲ್ಲ. ಹತ್ತು ಹದಿನೈದು ಹೊಟೇಲು ಸೇರಬೇಕು. ಇಲ್ಲಿಯೇ ನಮ್ಮ ಸಂಘದ ಕೆಲಸ ಇರುವುದು. ಸಂಘ ಯಂತ್ರದವನಿಗೆ ವೇದಿಕೆ ಕೊಡುವ ಬದಲು, ಅವನ ಪುಡಿಯಲ್ಲಿ ಮೆಂತೆ ಬಿತ್ತಿ ನೋಡಿ ಆಮೇಲೆ ಕರೆಯಲಿ. ವಿಭಾಗಕ್ಕೊಂದು ಜಾಗ ಪಾಲಿಕೆಯ ಹತ್ತಿರ ಕೇಳಲಿ. ಕೃಷಿ ಓದಿದ ಒಬ್ಬ ಹುಡುಗನನ್ನು ಸಂಬಳಕ್ಕೆ ಇಟ್ಟುಕೊಳ್ಳಲಿ. ಗೊಬ್ಬರ ಎಂದು ಚೀಟಿ ಹಚ್ಚಿ ಮಾರಬೇಕಾದರೆ ನಿಯಂತ್ರಣ ಆದೇಶದ ಪ್ರಕಾರ ಪರೀಕ್ಷೆ, ಅನುಮತಿ ಎಲ್ಲ ಬೇಕು, ಅದು ಒಂಟಿ ಮಾಲಕನಿಂದ ಆಗುವುದಿಲ್ಲ, ಸಂಘದಿಂದ ಆದೀತು. ನಾನು ಅದಕ್ಕಾಗಿಯೇ ಗೊಬ್ಬರ ಮಾರುತ್ತಿಲ್ಲ, ಸಸಿ ಮಾತ್ರ ಮಾರುತ್ತೇನೆ. ಗೊಬ್ಬರವನ್ನು ಒಣ ಎಲೆ ಕೊಟ್ಟ ಸೊಸೈಟಿಗಳಿಗೆ ಬದಲಾಗಿ ಕೊಡುತ್ತೇನೆ.

ಲಾಭ ಎಷ್ಟು ಎಂದು ಕೇಳುವವರಿದ್ದಾರೆ, ಕೇಳಲೇಬೇಕು. ಸಸಿಯಿಂದ ತಿಂಗಳಿಗೆ ನಾಲ್ಕೈದು ಸಾವಿರ, ಅದರಲ್ಲಿ ಮೂರು ಸಾವಿರ ಆ ಹುಡುಗನಿಗೆ ಸಂಬಳದ ಮೇಲೆ. ಕಸ ಒಯ್ಯುವ ಖಾಸಗಿಯವರಿಗೆ ಮೊದಲು ಆರು ಸಾವಿರ ಕೊಡುತ್ತಿದ್ದೆ, ಈಗ ಎರಡೂವರೆ. ನಾಲ್ಕು ಲಕ್ಷದ ಯಂತ್ರ ಗುಜರಿಗೆ ಮೂವತ್ತೆಂಟು ಸಾವಿರಕ್ಕೆ ಹೋಯಿತು. ಇದರಿಂದ ಯಾರೂ ಎರಡನೆಯ ಬ್ರಾಂಚ್ ತೆರೆಯಲಾರರು. ಆದರೆ ಕಸದ ವಿಷಯಕ್ಕೆ ಯಾವ ಇನ್‌ಸ್ಪೆಕ್ಟರ್ ಬಂದರೂ ನಾನು ಗಲ್ಲೆಯಿಂದ ಏಳದೆ, "ಹಿತ್ತಿಲಿಗೆ ಹೋಗಿ ನೋಡಿ" ಎನ್ನುತ್ತೇನೆ. ಆ ನಿಶ್ಚಿಂತೆಗೆ ಬೆಲೆ ಕಟ್ಟುವುದು ನಿಮಗೆ ಬಿಟ್ಟದ್ದು.

ನಮ್ಮಂಥವರಿಂದ ಆಗದು ಎನ್ನುವವರು ಮುಂಬಯಿ ಬಂದರು ಟ್ರಸ್ಟಿನ ಕೇಂದ್ರ ಅಡುಗೆಮನೆಯ ಕಥೆ ಕೇಳಬೇಕು. ಸಾವಿರಾರು ಕಾರ್ಮಿಕರಿಗೆ ಊಟ ಬೇಯಿಸುವ ಆ ಅಡುಗೆಮನೆಯ ಅಧಿಕಾರಿ ಪ್ರೀತಿ ಪಾಟೀಲರು 2000ದ ದಶಕದ ಮೊದಲ ವರ್ಷಗಳಲ್ಲಿ ತಮ್ಮ ಸಿಪ್ಪೆ ಸೊಪ್ಪಿನ ಕಸವನ್ನು ಅಲ್ಲಿಯೇ ಮಹಡಿಯ ಮೇಲೆ ಕಳಿಸಿ, ಅದರಲ್ಲೇ ತರಕಾರಿ, ಹಣ್ಣಿನ ಗಿಡ ಬೆಳೆಸಿದರು. ಅವರೂ ನಮ್ಮ ಹಾಗೆ ಅಡುಗೆಮನೆಯವರೇ.

ಆ ಕಾಫಿಯ ಹಿರಿಯ ಹೆಂಗಸಿಗೆ ನಾನೇ ಒಂದು ತುಳಸಿ ಸಸಿ ಒಯ್ದು ಕೊಟ್ಟೆ. ಒಂದು ತಿಂಗಳು ಅದನ್ನು ಬಾಗಿಲ ಹೊರಗೇ ಇಟ್ಟು ಪರೀಕ್ಷೆ ಮಾಡಿದರಂತೆ. ಈಗ ಬೆಳಿಗ್ಗೆ ಬರುತ್ತಾರೆ, ಕಾಫಿ ಕುಡಿದು ಹಿತ್ತಿಲಿಗೆ ಹೋಗಿ ಹುಡುಗನ ಹತ್ತಿರ ಐದು ಕಿಲೋ ಚೀಲ ತೆಗೆದುಕೊಂಡು, ಮೂಸಿ ನೋಡಿಯೇ ಹೊರಡುತ್ತಾರೆ.

ಮಂಗಳವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ನಮ್ಮಲ್ಲಿ ರಾಶಿ ಮಗುಚುವ ಕೆಲಸ. ಸದಸ್ಯ ಬಂಧುಗಳು ಯಾರು ಬೇಕಾದರೂ ಬಂದು ನೋಡಬಹುದು, ನಿಮ್ಮ ಅಡುಗೆಮನೆಯ ಒಬ್ಬ ಹುಡುಗನನ್ನೂ ಕರೆತನ್ನಿ. ಹಳೆಯ ಚಪ್ಪಲಿ ಹಾಕಿಕೊಂಡು ಬನ್ನಿ. ಯಂತ್ರ ಕೊಳ್ಳುವುದೆಂದು ನಿಶ್ಚಯಿಸಿದವರು ಅದರ ಪುಡಿ ಒಂದು ಪೊಟ್ಟಣ ತಂದರೆ ಪರೀಕ್ಷೆ ಮಾಡಿ ನೋಡೋಣ. ಮೆಂತೆ ಕಾಳು ನಾನೇ ಕೊಡುತ್ತೇನೆ.